ಗಿಡ್ಡ ಹೋರಿ ಬೇಲಿ ನುಸುಳಿದ್ದು

ಮಿಸೌರಿಯ ತನ್ನ ಎಂಟೆಕರೆಯಲ್ಲಿ ವರ್ಲೀನ್ ಮಾಂಸಕ್ಕಾಗಿ ಗಿಡ್ಡ ತಳಿಯ ದನ ಸಾಕುತ್ತಿದ್ದಳು. ಅವಳ ಹೋರಿ 'ಜನರಲ್' ಅವಳ ಸೊಂಟದೆತ್ತರವಷ್ಟೇ ಇತ್ತು. ಪಕ್ಕದ ಹೊಲದ ಹಾಯ್ಟ್ ದಿನಾ ಬೇಲಿಗೊರಗಿ ಕೆಣಕುತ್ತಿದ್ದ: "ಏನ್ ವರ್ಲೀನ್, ಇದನ್ನ ಕೊಯ್ದ್ರೆ ಒಂದ್ ಹೊತ್ತಿನ ಊಟಕ್ಕಾದ್ರೂ ಸಾಲುತ್ತಾ?"

ಅವಳು ಹಲ್ಲು ಕಚ್ಚಿಕೊಂಡು ಜನರಲ್‌ಗೆ ಇನ್ನೊಂದು ಹಿಡಿ ಹುಲ್ಲು ಹಾಕುತ್ತಿದ್ದಳು.

ಮೇ ತಿಂಗಳಲ್ಲಿ ಜನರಲ್ ಬೇಲಿಯಡಿ ನುಸುಳಿ ಹಾಯ್ಟನ ಹೊಲ ಸೇರಿತು. ಅಲ್ಲಿನ ಕಡಸುಗಳು ಆನೆಗಳಂತಿದ್ದವು.

"ಇರ್ಲಿ ಬಿಡು, ಏಣಿ ಇಲ್ದೆ ಅದೇನ್ ಮಾಡುತ್ತೆ!" ಎಂದು ಹಾಯ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ಜನರಲ್ ಮೂರು ದಿನ ಅಲ್ಲೇ ಉಳಿಯಿತು. ಆ ಹೊಲ ಇಳಿಜಾರು, ಕಡಸು ಕೆಳಗೆ ಹೋರಿ ಮೇಲೆ ನಿಂತರೆ ಏಣಿಯೇ ಬೇಡ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಫೆಬ್ರವರಿಯಲ್ಲಿ ಐದು ಕಡಸುಗಳು ಬೆಕ್ಕು ಈದಷ್ಟು ಸಲೀಸಾಗಿ ಈದವು. ಪ್ರತಿವರ್ಷ ಹಗ್ಗ ಕಟ್ಟಿ ಕರು ಎಳೆಯುತ್ತಿದ್ದ ಹಾಯ್ಟ್ ಈ ಸಲ ಹಾಸಿಗೆಯಿಂದಲೂ ಏಳಲಿಲ್ಲ. ಕರುಗಳೋ ನಾಯಿಮರಿಯಷ್ಟು, ಎಲ್ಲಕ್ಕೂ ಜನರಲ್‌ನದೇ ಬಿಳಿ ಮುಖ.

ಹಾಯ್ಟ್ ಟೋಪಿ ಕೈಲಿ ಹಿಡಿದು ಬಂದಾಗ, ಜಗಳಕ್ಕೇ ಬಂದನೆಂದು ವರ್ಲೀನ್ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅದೂ... ನಿನ್ ಹೋರೀನ ಈ ವರ್ಷಾನೂ ಕಳಿಸ್ತೀಯಾ?"

"ದಯವಿಟ್ಟು ಅನ್ನು."

"ದಯವಿಟ್ಟು."

"ಗಟ್ಟಿಯಾಗ್ ಹೇಳಯ್ಯಾ. ಕೊಟ್ಟಿಗೇಲಿರೋ ನನ್ ಗಂಡಂಗೂ ಕೇಳ್ಬೇಕು."

ಹಾಯ್ಟ್ ಕೂಗಿದ ರಭಸಕ್ಕೆ ಕೋಳಿಗಳೆಲ್ಲ ಚೆದುರಿ ಓಡಿದವು.