ಮೂವತ್ತಾರು ಪುಟದ ಅಕ್ಕ, ಮೂರು ಪುಟದ ತಂಗಿ

ನಾನು ಒಂದು ಸಂಶೋಧನಾ ಲೇಖನ. ಧಾರವಾಡದ ಸುತ್ತಲಿನ ಕೆರೆಗಳ ಬಸವನಹುಳುಗಳ ಮೇಲೆ ಬರೆದದ್ದು. ಮೂವತ್ತಾರು ಪುಟ, ಹನ್ನೊಂದು ಚಿತ್ರ. ನನ್ನನ್ನು ಹೆತ್ತವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಡಾ. ಹೇಮಾವತಿ ಕಡಪಟ್ಟಿ; ವಿಭಾಗದವರಿಗೆಲ್ಲ ಅವರು 'ಬಾಯಿಯವರು'. ಎಂಟು ವರ್ಷ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅವರು ಹುಳು ಆರಿಸಿದರು. ದಂಡೆಯ ಮೇಲೆ ಡಬ್ಬಿ ಹಿಡಿದು ನಿಂತವನು ವಿಭಾಗದ ಜವಾನ ದಾವಲಸಾಬ. ಪುಣೆಯಲ್ಲಿ ಅಚ್ಚಾಗಿ ನಾನು ನೂರು ಬಿಡಿ ಪ್ರತಿಗಳಾಗಿ ಬಂದ ದಿನ, ಬಾಯಿಯವರು ಒಂದನ್ನು ಎತ್ತಿಕೊಂಡು ಮೂಸಿ ನೋಡಿದರು. ಆ ಪ್ರತಿಯೇ ಈಗ ನಿಮ್ಮೊಡನೆ ಮಾತಾಡುತ್ತಿರುವುದು.

ಲೇಖನಕ್ಕೆ ಇರುವ ಆಸೆ ಒಂದೇ. ಬೇರೊಬ್ಬ ವಿದ್ವಾಂಸ ತನ್ನ ಬರಹದ ಕೊನೆಯಲ್ಲಿ ನಮ್ಮ ಹೆಸರು ಹಾಕಬೇಕು. ಅದಕ್ಕೆ ಉಲ್ಲೇಖ ಅನ್ನುತ್ತಾರೆ. ಒಂದಾದರೂ ಸಿಕ್ಕೇ ಸಿಗುತ್ತದೆಂದು ನಾನು ಜಂಬದಿಂದ ಕಾದೆ.

ಮರುವರ್ಷ ತಂಗಿ ಹುಟ್ಟಿದಳು. ಬರೀ ಮೂರು ಪುಟ! ಚಿಪ್ಪುಗಳನ್ನು ಅಂಟವಾಳಕಾಯಿಯ ನೊರೆಯಲ್ಲಿ ನೆನೆಸಿ, ಗೀರು ಬೀಳದಂತೆ ತೊಳೆಯುವುದು ಹೇಗೆ ಎಂಬ ವಿಷಯ. ಅಲ್ಲ, ಪಾತ್ರೆ ತೊಳೆಯುವುದಕ್ಕೂ ಇದಕ್ಕೂ ಏನು ಫರಕು? ಬಾಯಿಯವರು ಒಂದೇ ವಾರದಲ್ಲಿ ಬರೆದು ಮುಗಿಸಿದ್ದರು. ನಾನು ನಕ್ಕೆ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಆಗೆಲ್ಲ ಲೇಖನ ಬೇಕಾದವರು ಅಂಚೆ ಕಾರ್ಡು ಬರೆದು ಪ್ರತಿ ಕೇಳುತ್ತಿದ್ದರು. ದಾವಲಸಾಬ ಬಾಗಿಲಲ್ಲೇ ಕೂಗುತ್ತಿದ್ದ.

"ಬಾಯಾರ, ಜರ್ಮನಿದು ಬಂದೈತ್ರಿ. ಸ್ಟ್ಯಾಂಪ್ ಛಲೋ ಐತಿ, ನಾ ತಗೊಳ್ಳಲ್ಯಾ?"

"ತಗೋ ಮಾರಾಯಾ. ಯಾವುದು ಕೇಳ್ಯಾರ ನೋಡು."

"ಮತ್ತ್ಯಾವುದ್ರಿ, ಅಂಟವಾಳದ್ದಽ."

ಯಾವಾಗಲೂ ಅಂಟವಾಳದ್ದೇ. ಮೊದಲು ಹಲ್ಲಿನ ಡಾಕ್ಟರರು ಕೇಳಿದರು, ಕಿತ್ತ ಹಲ್ಲು ತೊಳೆಯಲಿಕ್ಕೆ. ಆಮೇಲೆ ಹಳೆಯ ಮಣಿಗಳನ್ನು ಅಗೆದು ತೆಗೆಯುವ ಪುರಾತತ್ವದವರು, ಭೂಗರ್ಭಶಾಸ್ತ್ರದವರು, ರೇಷ್ಮೆ ಬಟ್ಟೆಯವರು. ಅವಳಿಗೆ ಊರೆಲ್ಲ ನೆಂಟರು. ಕೊನೆಗೆ ಬಸವನಹುಳುವಿನ ವಿದ್ವಾಂಸರೂ ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು! ಅದನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ. ಅವಳ ಪ್ರತಿಗಳು ಮುಗಿದು ಮತ್ತೆ ಅಚ್ಚು ಹಾಕಿಸಿದರು. ನನ್ನ ಪ್ರತಿಗಳಿಗೆ ಸುತಳಿ ಕಟ್ಟಿ ಕಪಾಟಿನ ತಳಕ್ಕೆ ಹಾಕಿದರು. ಎರಡು ಪ್ರತಿ ಅಲುಗಾಡುವ ಮೇಜಿನ ಕಾಲಿನಡಿ ಹೋದವು. ಹೊಟ್ಟೆ ಧಗಧಗ ಉರಿಯಿತು. ಹುಳ ತಿನ್ನುವುದಾದರೆ ಮೊದಲು ಅವಳನ್ನೇ ತಿನ್ನಲಿ ಎಂದು ಬೇಡಿಕೊಂಡೆ. ಸುಳ್ಳು ಯಾಕೆ ಹೇಳಲಿ.

ಹದಿನಾರು ವರ್ಷ ಕಳೆದ ಮೇಲೆ ಬಾಯಿಯವರು ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದರು. ಬೆಂಗಳೂರಿನ ಗ್ರಂಥಾಲಯವೊಂದರಲ್ಲಿ, ಯಾರನ್ನು ಯಾರು ಉಲ್ಲೇಖಿಸಿದ್ದಾರೆಂದು ತಿಳಿಸುವ ದಪ್ಪ ಸಂಪುಟಗಳನ್ನು ಮೂರು ದಿನ ತಿರುವಿಹಾಕಿ, ಪ್ರತಿ ಲೇಖನದ ಮುಂದೆ ಒಂದು ಅಂಕಿ ಬರೆದುಕೊಂಡು ಬಂದರು. ಸಂದರ್ಶನಕ್ಕೆ ಹೊರಟಾಗ ನನ್ನನ್ನೂ ತಂಗಿಯನ್ನೂ ಒಂದೇ ಫೈಲಿನಲ್ಲಿಟ್ಟು, ಮೇಲೆ ಆ ಪಟ್ಟಿ ಇಟ್ಟರು. ಕದ್ದು ನೋಡಿದೆ. ಅಂಟವಾಳ, ಇನ್ನೂರ ಹನ್ನೆರಡು. ಬಸವನಹುಳು, ಒಂದು.

ಒಂದು! ನನಗೂ ಒಂದು! ಜಪಾನಿನವನೋ, ಫ್ರಾನ್ಸಿನವನೋ? ದಾರಿಯುದ್ದಕ್ಕೂ ಆ ಪುಣ್ಯಾತ್ಮನ ಗಡ್ಡ, ಕನ್ನಡಕ ಎಲ್ಲ ಕಲ್ಪಿಸಿಕೊಂಡೆ.

ಸಮಿತಿಯ ಹಿರಿಯರೊಬ್ಬರು ಕೆಂಪು ಪೆನ್ಸಿಲ್ ಹಿಡಿದು ಕೂತಿದ್ದರು.

"ಈ ಒಂದು ಬರೂದಿಲ್ರಿ ಮೇಡಂ. ನಿಮ್ಮ ಅಂಟವಾಳದ ಲೇಖನದಾಗ ನೀವಽ ಮಾಡಿದ ಉಲ್ಲೇಖ ಇದು. ನಮ್ಮ ಹೆಸರು ನಾವಽ ಹೇಳ್ಕೊಂಡ್ರ ಲೆಕ್ಕಕ್ಕ ಹಿಡಿಯೂದಿಲ್ಲ."

"ಗೊತ್ತೈತ್ರಿ ಸರ್. ಆದ್ರೂ ಬರದೀನಿ. ಎಂಟು ವರ್ಷ ಆ ಹುಳದ ಚಿಪ್ಪು ತೊಳದು, ಒಡದು, ಅತ್ತ ಮ್ಯಾಲೆ ನನಗ ಅಂಟವಾಳ ಹೊಳೀತು. ಅದು ಇರದಿದ್ರ ಇದು ಎಲ್ಲಿಂದ ಬರ್ತಿತ್ರಿ?"

"ಖರೇ ಐತ್ರಿ. ಆದ್ರ ನಿಯಮ ಅಂದ್ರ ನಿಯಮ."

ಪೆನ್ಸಿಲ್ ಗೀರಿತು. ನನ್ನ ಒಂದು ಸೊನ್ನೆಯಾಯಿತು. ಬಾಯಿಯವರ ಮಾತು ಆಗ ನನ್ನ ಕಿವಿಗೆ ಹೋಗಲೇ ಇಲ್ಲ; ಕಂಡದ್ದು ಆ ಸೊನ್ನೆಯೊಂದೇ. ಹುದ್ದೆ ಸಿಕ್ಕಿತು, ಅದೂ ತಂಗಿಯ ದೆಸೆಯಿಂದ. ದಾವಲಸಾಬ ವಿಭಾಗಕ್ಕೆಲ್ಲ ಪೇಢೆ ಹಂಚಿದ.

ಬಾಯಿಯವರು ನಿವೃತ್ತರಾಗಿ ಬಹಳ ವರ್ಷವಾಯಿತು. ಕಪಾಟಿನ ಕಟ್ಟು ರದ್ದಿಗೆ ಹೋಯಿತು. ನಾವಿಬ್ಬರು ಮಾತ್ರ ಅದೇ ಫೈಲಿನಲ್ಲಿ, ವಿಭಾಗದ ಗ್ರಂಥಾಲಯದ ಮೂಲೆಯಲ್ಲಿ ಬಿದ್ದಿದ್ದೇವೆ. ನನ್ನ ಮೊದಲ ಪುಟದ ಮೇಲೆ ಅವಳ ಕೊನೆಯ ಪುಟ. ಅಷ್ಟು ವರ್ಷ ಸಿಟ್ಟಿನಲ್ಲಿ ಅದನ್ನು ಓದಿರಲಿಲ್ಲ. ಒಂದು ಮಧ್ಯಾಹ್ನ ಮಾಡಲು ಬೇರೆ ಕೆಲಸವಿಲ್ಲದೆ ಓದಿದೆ. 'ಉಲ್ಲೇಖಗಳು' ಎಂಬ ತಲೆಬರಹದ ಕೆಳಗೆ ಒಂದೇ ಒಂದು ಸಾಲು. ನನ್ನ ಹೆಸರು.

ಹಲ್ಲಿನವರ ಬಳಿ, ಮಣಿಯವರ ಬಳಿ, ರೇಷ್ಮೆಯವರ ಬಳಿ, ಹೋದಲ್ಲೆಲ್ಲ ಅವಳು ನನ್ನನ್ನು ಹೊತ್ತುಕೊಂಡೇ ಹೋಗಿದ್ದಳು. ನಾನು ಇಲ್ಲಿ ಅವಳಿಗೆ ಹುಳ ಬೀಳಲೆಂದು ಬೇಡುತ್ತಿದ್ದೆ.

ಹೊಟ್ಟೆಕಿಚ್ಚು ಪೂರಾ ಹೋಯಿತೆಂದು ಹೇಳಲಾರೆ. ಇನ್ನೂರ ಹನ್ನೆರಡು ಅಂದರೆ ಈಗಲೂ ಒಳಗೆ ಚುರ್ ಅನ್ನುತ್ತದೆ. ಆದರೆ ಮೊನ್ನೆ ಪುಸ್ತಕ ತಿನ್ನುವ ಹುಳವೊಂದು ಫೈಲಿನೊಳಗೆ ನುಸುಳಿ ನಮ್ಮಿಬ್ಬರ ನಡುವೆ ನಿಂತಾಗ, ನನ್ನ ಅಂಚನ್ನು ಅದರ ಬಾಯಿಗೆ ಚಾಚಿದೆ. ನನಗೆ ಮೂವತ್ತಾರು ಪುಟಗಳಿವೆ. ಅವಳಿಗಿರುವುದು ಮೂರೇ.