ಬ್ರಾಕೆಟ್ಟಿನೊಳಗಿನ ದನಿ

ಟಿಕ್, ಟಿಕ್, ಎದುರಿಗೆ ಕೂತವನ ಪೆನ್ನು, ಬೆಳಗಿನಿಂದ ನಿಂತಿಲ್ಲ, ಕಿತ್ತು ಕಿಟಕಿಯಾಚೆ ಎಸೆಯಬೇಕು — ನಮ್ಮ ತಂಡದ ಮುಖ್ಯಸ್ಥ, ಏನು ಕಂಡರೂ ತುಂಡರಿಸುತ್ತಾನೆ, ಅದಕ್ಕೇ ಬೆನ್ನ ಹಿಂದೆ ಕತ್ತರಿ ಎನ್ನುತ್ತೇವೆ, ಹೋದ ತಿಂಗಳು ಅದೇ ಕುರ್ಚಿಯಲ್ಲಿ ಕೂತು ಹೇಳಿದ, ನಿಮ್ಮ ಪೈಥಾನ್ ಪ್ಯಾಕೇಜ್ ಭಾರ ಆಯ್ತು ಮೇಡಂ, ಓದಿ ಹೇಳೋ ಭಾಗ ಎಷ್ಟು ಜನಕ್ಕೆ ಬೇಕು, ಆಪ್ಷನಲ್ ಮಾಡಿ, ಬೇಕಾದವರು ಹಾಕ್ಕೊಳ್ಳಲಿ. ಬೇಕಾದವರು. ಆಸ್ಪತ್ರೆಯ ಟೆಲಿಫೋನ್ ಆಪರೇಟರುಗಳಿಗೆಂದು ನಾನು ಬರೆದ ಪ್ರೋಗ್ರಾಮು, ಯಾವ ವಾರ್ಡಿಗೆ ಯಾವ ನಂಬರ್ ಎಂದು ತೆರೆಯ ಮೇಲೆ ತೋರಿಸುತ್ತದೆ, ಕಿವಿಯಲ್ಲೂ ಹೇಳುತ್ತದೆ, ಕಿವಿಯಲ್ಲಿ ಹೇಳುವುದನ್ನು ಬರೆದದ್ದೇ ಅಕ್ಕನಿಗಾಗಿ, ಹುಟ್ಟಿನಿಂದ ಕಣ್ಣು ಕಾಣದ ನನ್ನ ಅಕ್ಕ, ಹನ್ನೊಂದು ವರ್ಷದಿಂದ ಆ ಮೇಜಿನಲ್ಲಿ — ಮತ್ತು ನಾನು, ಓದಿ ಹೇಳುವ ಭಾಗವನ್ನು ಎಳೆದು ತರುವ ಆ ಒಂದು ಸಾಲನ್ನು ಕಡ್ಡಾಯದ ಪಟ್ಟಿಯಿಂದ ಐಚ್ಛಿಕದ ಪಟ್ಟಿಗೆ ಸರಿಸಿದೆ, ಎರಡು ನಿಮಿಷದ ಕೆಲಸ, ಇನ್ನು ಕಂಪ್ಯೂಟರಿಗೆ ಹಾಕುವಾಗ ಪ್ಯಾಕೇಜಿನ ಹೆಸರಿನ ಪಕ್ಕ ಚೌಕ ಬ್ರಾಕೆಟ್ ಹಾಕಿ ಒಳಗೆ ದನಿ ಎಂದು ಬರೆದರಷ್ಟೇ ದನಿ ಬರುತ್ತದೆ, ಸೂಚನೆಗಳ ಕೊನೆಯಲ್ಲಿ ಬರೆದಿಟ್ಟೆ, ಯಾರು ಓದುತ್ತಾರೆ, ಸೋಮವಾರ ಆಸ್ಪತ್ರೆಗೆ ಬಂದ ಕಂಪ್ಯೂಟರಿನವನು ಓದಲಿಲ್ಲ, ಬರೀ ಹೆಸರು ಹೊಡೆದು ಹೊಸದನ್ನು ಹಾಕಿ ಹೋದ, ತಪ್ಪಾಗಿದೆ ಎಂಬ ಸಂದೇಶ ಕೂಡ ಬರಲಿಲ್ಲ, ಬಾರದಂತೆ ಬರೆದವಳೂ ನಾನೇ, ದನಿ ಇಲ್ಲದಿದ್ದರೆ ಸುಮ್ಮನೆ ಮುಂದೆ ಸಾಗು ಎಂದು, ಥೂ ನನ್ನ ಜಾಣತನಕ್ಕೆ. ಅಕ್ಕ ಗುಂಡಿ ಒತ್ತುತ್ತಾಳೆ, ಏನೂ ಇಲ್ಲ, ಮತ್ತೆ ಒತ್ತುತ್ತಾಳೆ, ನನ್ನ ಕಿವೀನೂ ಹೋಯ್ತೇನೋ ಅಂದ್ಕೊಂಡೆ ಕಣೇ ಎಂದಳು ಇವತ್ತು ಬೆಳಿಗ್ಗೆ ಫೋನಿನಲ್ಲಿ, ನಗುತ್ತಾ, ಆ ನಗು ಕೆನ್ನೆಗೆ ಬಿಗಿದ ಹಾಗಿತ್ತು, ಇಪ್ಪತ್ತು ಕರೆ ತಪ್ಪಿದ ಮೇಲೆ ಮೇಲ್ವಿಚಾರಕಿ ಬಂದು ಸ್ವಲ್ಪ ಹೊರಗೆ ಕೂತಿರಿ ಎಂದಳಂತೆ, ಸ್ವಲ್ಪ ಎಂದರೆ ಮೂರು ದಿನ, ಕಾರಿಡಾರಿನ ಬೆಂಚಿನ ಮೇಲೆ, ಮೂರು ದಿನ ನನ್ನ ಹತ್ತಿರ ಬಾಯಿ ಬಿಡಲಿಲ್ಲ, ನಿನ್ನ ಹೆಸರು ಕೆಡುತ್ತೇಂತ ಸುಮ್ಮನಿದ್ದೆ ಎಂದಳು. ಕತ್ತರಿಯನ್ನು ಕೇಳಲಿಲ್ಲ, ಸಾಲನ್ನು ಕಡ್ಡಾಯದ ಪಟ್ಟಿಗೆ ಎಳೆದು ತಂದೆ, ಹೊಸ ಆವೃತ್ತಿ ಬಿಟ್ಟೆ, ಕಂಪ್ಯೂಟರಿನವನನ್ನು ಫೋನಿನಲ್ಲೇ ಗದರಿಸಿ ಹಾಕಿಸಿದೆ, ಆಗ ಪೆನ್ನು ನಿಂತಿತು, ಯಾರನ್ನ ಕೇಳಿ ಮಾಡಿದ್ರಿ ಎಂದ, ಬೇಕಾದವರನ್ನ ಕೇಳಿ ಎಂದೆ, ಬೇಕಿದ್ದರೆ ನನ್ನನ್ನೂ ಪಟ್ಟಿಯಿಂದ ತೆಗೆಯಲಿ, ಮತ್ತೆ ಟಿಕ್ ಟಿಕ್, ನನ್ನ ಫೋನು, ಅಕ್ಕ — ದನಿ ಬಂತು ಕಣೇ, ಬಾಗಿಲು ತೆಗೆದಿದೆ, ಬೆಂಚಿಗೇ ಕೇಳಿಸ್ತಿದೆ, ಆದ್ರೆ ನನ್ನ ಜಾಗಕ್ಕೆ ಬೇರೆಯವಳನ್ನ ಕೂರಿಸಿದಾರೆ, ಕಣ್ಣಿರೋಳು, ಅವಳಿಗೆ ಅದು ಕಿರಿಕಿರಿಯಂತೆ, ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ ಸದ್ದೂ ಕೇಳಿಸ್ತು. ಹೋಗುತ್ತೇನೆ, ಈಗಲೇ, ಆ ಮೇಲ್ವಿಚಾರಕಿಯ ಎದುರು ನಿಂತು, ನಿಂತು ಏನೆನ್ನಲಿ, ತಪ್ಪು ನನ್ನದೆಂದೇ, ಚಪ್ಪಲಿ ಎಲ್ಲಿ, ಮೇಜಿನ ಮೇಲೆ ಹೆಡ್‌ಫೋನ್, ಹೋಗಿ ಹೇಳುತ್ತೇನೆ, ಮೇಜಿನ ಮೇಲೆ ಮಗುಚಿಬಿದ್ದ ಹೆಡ್‌ಫೋನ್, ವಾರ್ಡ್ ನಾಲ್ಕು, ವಾರ್ಡ್ ಐದು, ಯಾರ ಕಿವಿಯೂ ಇಲ್ಲ, ಮೇಜಿನ ಮೇಲೆ ಹೆಡ್‌ಫೋನ್