ಸಾರ್ವೆಯ ಕೂಗು

ಹೆಬ್ಬೆಟ್ಟಿಗೆ ಶಾಯಿ ಬಳಿದಾಗಿತ್ತು. ಇನ್ನು ಕಾಗದಕ್ಕೆ ಒತ್ತುವುದೊಂದೇ ಬಾಕಿ. ಗುಂಡಯ್ಯ ಮಾತ್ರ ಎಡಗೈಯನ್ನು ಮೇಜಿನಿಂದ ಗೇಣೆತ್ತರದಲ್ಲಿ ಹಿಡಿದುಕೊಂಡು ನಿಂತುಬಿಟ್ಟಿದ್ದ.

“ಒತ್ಲಾ ಗುಂಡ, ಅದಕ್ಕೂ ಮುಹೂರ್ತ ನೋಡ್ಬೇಕೇನ್ಲಾ?” ಎಂದ ಸೂಪರ್‌ವೈಜರ್ ಗಂಗಾಧರಯ್ಯ.

“ಏನು ಬರ್ದೈತೆ ಅಂತ ಒಂದ್ಸಲ ಓದ್ಸಿ ಬುದ್ಧೀ. ಆಮ್ಯಾಕೆ ಒತ್ತೋದು ನೋಡನ.”

ಹಿರೀಸಾವೆಯ ರಸ್ತೆ ಬದಿಯಲ್ಲಿ ಕಟ್ಟುತ್ತಿದ್ದ ಅಕ್ಕಿ ಗಿರಣಿಯ ತಗಡಿನ ಶೆಡ್ಡು ಅದು. ಹನ್ನೊಂದು ಗಂಟೆಗೆ ಹಾಸನದಿಂದ ಲೇಬರ್ ಇನ್ಸ್‌ಪೆಕ್ಟರು ಬರುವವರಿದ್ದರು. ಅಷ್ಟರೊಳಗೆ ಕಾಗದ ತಯಾರಿರಬೇಕಾಗಿತ್ತು. ಗಂಗಾಧರಯ್ಯ ಗುಮಾಸ್ತೆ ಪಾಲಾಕ್ಷನ ಕಡೆ ಕಣ್ಣು ಹಾಯಿಸಿದ. ಪಾಲಾಕ್ಷ ಗಂಟಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಓದಿದ:

“ಕೂಲಿಕಾರರೆಲ್ಲರಿಗೂ ಸುರಕ್ಷತಾ ನಿಯಮಗಳನ್ನು ಮುಂಚಿತವಾಗಿ ತಿಳಿಯಪಡಿಸಲಾಗಿತ್ತು. ಮಂಗಳವಾರ ಬೆಳಿಗ್ಗೆ ಗೋಡೆ ಪಕ್ಕದ ಗಳ-ಹಲಗೆಗಳ ಸಾರ್ವೆ ಭದ್ರವಾಗಿದೆಯೆಂದು ಅದನ್ನು ಕಟ್ಟಿದ ಗುಂಡಯ್ಯನಾದ ನಾನೇ ಕೂಗಿ ಹೇಳಿರುತ್ತೇನೆ. ಸದರಿ ಬೆಟ್ಟಮ್ಮ ಎಂಬ ಹೆಣ್ಣಾಳು ತನ್ನ ಸ್ವಂತ ಅಜಾಗರೂಕತೆಯಿಂದ ಕಾಲು ಜಾರಿ ಬಿದ್ದಿರುತ್ತಾಳೆ.”

“ಆ ಕೊನೇದು ಏನದು, ಅಂಗಂದ್ರೆ?”

“ಹುಷಾರಿಲ್ದೆ ನಡ್ಕೊಳೋದು ಗುಂಡಯ್ಯ. ಮೈಮೇಲೆ ಗ್ಯಾನ ಇಲ್ದೆ ಇರೋದು” ಎಂದ ಪಾಲಾಕ್ಷ.

ಮೈಮೇಲೆ ಜ್ಞಾನವಿಲ್ಲದವಳು ಬೆಟ್ಟಮ್ಮ! ಹತ್ತು ವರ್ಷ ತಲೆಯ ಮೇಲೆ ಗಾರೆ ಬಾಂಡಲಿ ಹೊತ್ತು ಮೂರಾಳೆತ್ತರ ಹತ್ತಿ ಇಳಿದವಳು, ಒಂದು ದಿನ ಒಂದು ಹಿಡಿ ಗಾರೆ ಚೆಲ್ಲಿದವಳಲ್ಲ. ಈಗ ಸೊಂಟ ಮುರಿದುಕೊಂಡು ಹಾಸನದ ಆಸ್ಪತ್ರೆಯಲ್ಲಿ ಬಿದ್ದಿದ್ದಳು. ಈ ಕಾಗದಕ್ಕೆ ಹೆಬ್ಬೆಟ್ಟು ಬಿದ್ದರೆ ಗಿರಣಿಯವರ ಮೇಲೆ ಕೇಸಿಲ್ಲ, ಅವಳಿಗೆ ಪರಿಹಾರವೂ ಇಲ್ಲ. ಸಾಲದ್ದಕ್ಕೆ ಬಿದ್ದ ತಪ್ಪೂ ಅವಳದೇ ಆಗುತ್ತಿತ್ತು.

ನಿಯಮಗಳಂತೆ ನಿಯಮಗಳು! ಶೆಡ್ಡಿನ ಬಾಗಿಲಿಗೆ ಒಂದು ಬೋರ್ಡು ಹೊಡೆದಿದ್ದರು. ‘ಶಿರಸ್ತ್ರಾಣ ಧರಿಸಿರಿ. ಸುರಕ್ಷಾ ಪಟ್ಟಿ ಬಿಗಿಯಿರಿ. ಮುಂಜಾಗ್ರತೆ ವಹಿಸಿರಿ.’ ಬೆಟ್ಟಮ್ಮ ಬಿದ್ದದ್ದು ಮಂಗಳವಾರ, ಬೋರ್ಡು ಹೊಡೆದದ್ದು ಬುಧವಾರ. ಗುರುವಾರವಾದರೂ ಬಣ್ಣ ಕೈಗೆ ಅಂಟುತ್ತಿತ್ತು. ಅದನ್ನು ಓದಬಲ್ಲವರು ಆ ಜಾಗದಲ್ಲಿ ಇಬ್ಬರೇ, ಒಬ್ಬ ಗಂಗಾಧರಯ್ಯ, ಇನ್ನೊಬ್ಬ ಪಾಲಾಕ್ಷ. ಅವರಿಬ್ಬರೂ ಸಾರ್ವೆ ಹತ್ತಿದವರಲ್ಲ. ಇನ್ನು ಶಿರಸ್ತ್ರಾಣವೆಂದರೆ ಅಲ್ಲಿದ್ದದ್ದು ಗಂಗಾಧರಯ್ಯನ ತಲೆಯ ಮೇಲಿನ ಹ್ಯಾಟು ಒಂದೇ. ಹೆಣ್ಣಾಳುಗಳ ತಲೆಗೆ ಹಳೇ ಸೀರೆ ಸುತ್ತಿದ ಸಿಂಬಿ.

ಆಳುಗಳಿಗೆ ಗೊತ್ತಿದ್ದ ನಿಯಮ ಒಂದೇ. ದಿನಾ ಬೆಳಿಗ್ಗೆ ಗುಂಡಯ್ಯ ಒಬ್ಬನೇ ಸಾರ್ವೆ ಹತ್ತುತ್ತಿದ್ದ. ಗಂಟು ಗಂಟನ್ನೂ ಜಗ್ಗಿ, ಹಲಗೆ ಹಲಗೆಯನ್ನೂ ಹಿಮ್ಮಡಿಯಿಂದ ಗುದ್ದಿ ನೋಡಿ, ಮೇಲಿನಿಂದ “ಗಟ್ಟೀ!” ಎಂದು ಕೂಗುತ್ತಿದ್ದ. ಆ ಕೂಗು ಕೇಳಿದ ಮೇಲೇ ಬಾಂಡಲಿ ತಲೆಗೇರುತ್ತಿತ್ತು. ಅವನು ಕೂಗದಿದ್ದರೆ ಯಾರೂ ಹತ್ತುತ್ತಿರಲಿಲ್ಲ. ಅವನ ಅಪ್ಪ ಹುಚ್ಚಯ್ಯನ ಕಾಲದಿಂದ ಬಂದದ್ದು ಅದು. ಅರಕಲಗೂಡಿನಲ್ಲಿ ಛತ್ರ ಕಟ್ಟುವಾಗ ಒಂದು ದಿನ ಗುಂಡಯ್ಯ ಮಟಮಟ ಮಧ್ಯಾಹ್ನದವರೆಗೂ ಕೂಗಿರಲಿಲ್ಲ. ಆಳುಗಳು ನೆರಳಲ್ಲಿ ಕೂತು ಎಲೆ ಅಡಿಕೆ ಹಾಕಿದರೇ ಹೊರತು ಯಾಕೆಂದು ಒಬ್ಬರೂ ಕೇಳಲಿಲ್ಲ.

ಮಂಗಳವಾರವೂ ಅವನು ಕೂಗಿರಲಿಲ್ಲ. ಎರಡು ಮಳೆಗಾಲ ನೆನೆದ ನಾರಿನ ಹಗ್ಗ ಚಿವುಟಿದರೆ ಪುಡಿಯಾಗುತ್ತಿತ್ತು. “ಬ್ಯಾಡಿ ಬುದ್ಧೀ, ಹಗ್ಗ ಸತ್ತೋಗೈತೆ” ಎಂದಿದ್ದ. “ಇವತ್ತೊಂದಿನ ನಡೀತದೆ ಬಿಡ್ಲಾ, ಧಣಿಗಳು ಗೋಡೆ ನೋಡೋಕೆ ಬರ್ತಾರೆ” ಎಂದಿದ್ದ ಗಂಗಾಧರಯ್ಯ. ಗುಂಡಯ್ಯ ಹೊಸ ಹಗ್ಗ ಹುಡುಕಲು ಶೆಡ್ಡಿನೊಳಗೆ ಹೋದ. ಅತ್ತ ಅವನು ಮರೆಯಾದದ್ದೇ ತಡ, ಗಂಗಾಧರಯ್ಯ ತಾನೇ ಬಾಯಿಗೆ ಕೈ ಅಡ್ಡ ಹಿಡಿದು “ಗಟ್ಟೀ!” ಎಂದು ಕೂಗಿದ. ಬೆಟ್ಟಮ್ಮ ಗಾರೆ ಗುಂಡಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದಳು. ಕೂಗಿದವರು ಯಾರೆಂದು ತಿರುಗಿ ನೋಡುವ ರೂಢಿ ಅಲ್ಲಿ ಯಾರಿಗೂ ಇರಲಿಲ್ಲ. ಆ ಮಾತನ್ನು ಸುಳ್ಳಾಗಿ ಕೂಗಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಅವಳು ಬಾಂಡಲಿ ಎತ್ತಿಕೊಂಡಳು, ಮೊದಲು ಹತ್ತಿದಳು.

ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಗುಂಡಯ್ಯ ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಬ್ಬರನ್ನಾದರೂ ಅಲ್ಲಿ ನಿಲ್ಲಿಸಿ ಹೋಗಬೇಕಿತ್ತು ಎಂದು ಎರಡು ರಾತ್ರಿಯಿಂದ ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ.

“ಕೂಗಿದ್ದು ನಾನಲ್ಲ ಬುದ್ಧೀ. ಅದು ನಿಮ್ಗೂ ಗೊತ್ತು.”

“ಯಾರು ಕೂಗಿದ್ರೇನ್ಲಾ? ಕೆಲಸ ನಡೀಬೇಕಾಗಿತ್ತು, ನಡೀತು.”

“ಅಂಗಾದ್ರೆ ನೀವೇ ಕೂಗಿದ್ದು ಅಂತ ಬರ್ಸಿ. ಗುಂಡಯ್ಯ ಬ್ಯಾಡ ಅಂದಿದ್ದ ಅಂತ್ಲೂ ಬರ್ಸಿ. ಹತ್ತೂ ಬೆಳ್ಳು ಒತ್ತೀನಿ.”

ಪಾಲಾಕ್ಷ ಪೆನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟ. ಗಂಗಾಧರಯ್ಯನ ಮುಖ ಕೆಂಪಗಾಯಿತು.

“ಏನ್ಲಾ, ನಂಗೇ ಕಾನೂನು ಹೇಳ್ಕೊಡ್ತೀಯಾ? ಈ ಸೀಮೇಲಿ ಎಲ್ಲೂ ನಿಂಗೆ ಕೆಲಸ ಸಿಗದಂಗೆ ಮಾಡ್ತೀನಿ. ಚನ್ನರಾಯಪಟ್ಟಣದಲ್ಲೂ ಅಷ್ಟೆ, ಹೊಳೆನರಸೀಪುರದಲ್ಲೂ ಅಷ್ಟೆ.”

ಗುಂಡಯ್ಯನಿಗೆ ಭಯವೂ ಇತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಬಲಗೈಯಿಂದ ಸೊಂಟದ ಪಂಚೆಯ ಮಡಿಕೆ ಬಿಚ್ಚಿ, ಒಂದು ಮೊಳ ಕಪ್ಪಿಟ್ಟ ಹಗ್ಗ ತೆಗೆದು ಕಾಗದದ ಮೇಲಿಟ್ಟ. ಬೆಟ್ಟಮ್ಮ ಬಿದ್ದ ಕಡೆಯ ಗಂಟು ಅದು. ಇಟ್ಟ ಹೊಡೆತಕ್ಕೇ ಅದರಿಂದ ಉದುರಿದ ಪುಡಿ ಸಾಲು ಸಾಲು ಅಕ್ಷರಗಳನ್ನು ಮುಚ್ಚಿತು.

“ಇದ್ರ ಹೆಬ್ಬೆಟ್ಟು ಒತ್ತಿಸ್ಕಳಿ” ಎಂದು ಹೊರಗೆ ನಡೆದ.

ಆಗಲೇ ರಸ್ತೆಯಿಂದ ಜೀಪು ಒಳಗೆ ತಿರುಗಿತು. ಗಂಗಾಧರಯ್ಯ ಅವಸರದಲ್ಲಿ ಹಗ್ಗವನ್ನು ಮೇಜಿನ ಕೆಳಕ್ಕೆ ತಳ್ಳಿ, ಹ್ಯಾಟು ಸರಿಮಾಡಿಕೊಂಡು ಓಡಿಬಂದ. ಬೆಳಿಗ್ಗೆಯೇ ಅವನು ಸಾರ್ವೆಯ ಮುರಿದ ಭಾಗಕ್ಕೆ ಎರಡು ಗಳ ಕೊಟ್ಟು, ಅದೇ ಹಳೇ ಹಗ್ಗ ಸುತ್ತಿಸಿದ್ದ. ಕೆಲಸ ಸರಾಗವಾಗಿ ನಡೆಯುತ್ತಿದೆಯೆಂದು ಕಾಣಬೇಕಲ್ಲ.

“ಏನ್ರೇ ನಿಂತಿದ್ದೀರ? ಹತ್ತಿ, ಹತ್ತಿ! ಗಟ್ಟೀ!”

ಗಾರೆ ಗುಂಡಿಯ ಸುತ್ತ ಎಂಟು ಹೆಂಗಸರಿದ್ದರು. ಎಂಟೂ ತಲೆಯ ಮೇಲೆ ಸಿಂಬಿ ಇತ್ತು. ಬಾಂಡಲಿಗಳು ತುಂಬಿದ್ದವು. ಎಂಟು ಮಂದಿಯೂ ತಿರುಗಿ, ಕೂಗಿದವನ ಮುಖವನ್ನು ಮೊದಲ ಸಲ ನೋಡಿದರು. ಯಾರೂ ಬಗ್ಗಲಿಲ್ಲ.

“ಹತ್ರೇ ಅಂದೆ!”

ಜೀಪಿನಿಂದಿಳಿದ ಇನ್ಸ್‌ಪೆಕ್ಟರು ಕೈಯಲ್ಲಿ ಫೈಲು ಹಿಡಿದು ಹತ್ತಿರ ಬಂದರು. ಬಾಗಿಲ ಬೋರ್ಡನ್ನು ಓದಿದರು, ಹೆಂಗಸರನ್ನು ನೋಡಿದರು.

“ಯಾಕಮ್ಮಾ, ಅವರು ಅಷ್ಟು ಹೇಳ್ತಿದ್ರೂ ಸುಮ್ಮನೆ ನಿಂತಿದ್ದೀರಲ್ಲ?”

ಎಲ್ಲರಿಗಿಂತ ಹಿರಿಯಳಾದ ಹೊನ್ನಕ್ಕ ಸೆರಗು ಬಿಗಿದುಕೊಂಡಳು. ಗಂಗಾಧರಯ್ಯ ಕಣ್ಣು ಬಿಟ್ಟ. ಅವಳು ಅವನ ಕಡೆ ನೋಡಲಿಲ್ಲ.

“ನಮ್ ಗುಂಡಯ್ಯಣ್ಣ ಇನ್ನೂ ಕೂಗಿಲ್ಲ ಸಾ” ಎಂದಳು. “ಮಂಗ್ಳಾರಾನೂ ಕೂಗಿರ್ಲಿಲ್ಲ.”

ಇನ್ಸ್‌ಪೆಕ್ಟರು ಫೈಲು ತೆರೆದರು. ಗುಂಡಯ್ಯ ಸಾರ್ವೆಯ ಬುಡದಲ್ಲಿ ಗಳಕ್ಕೆ ಕೈ ಕೊಟ್ಟು ನಿಂತಿದ್ದ. “ಗಟ್ಟೀ” ಎಂದು ಕೂಗಲಿಲ್ಲ. ಬಿಸಿಲೇರುತ್ತಿತ್ತು. ಬಾಂಡಲಿಗಳ ಅಂಚಿನಲ್ಲಿ ಗಾರೆ ಬೆಳ್ಳಗೆ ಒಣಗತೊಡಗಿತ್ತು.